ಮೂಡಣ ಬಾಗಿಲ ಖೋಲಿ

ನಾನು ಒಂದು ದಿಕ್ಸೂಚಿ. ಅಂಗೈಯಗಲದ ಹಿತ್ತಾಳೆ ಡಬ್ಬಿ, ಮೇಲೊಂದು ಗಾಜು, ಒಳಗೆ ಸೂಜಿಮೊನೆಯ ಮೇಲೆ ಕೂತ ಒಂದು ಮುಳ್ಳು. ಮುಳ್ಳಿನ ಒಂದು ತುದಿಗೆ ಕೆಂಪು ಬಣ್ಣ. ಆ ತುದಿ ಬಡಗಣಕ್ಕೆ ನಿಲ್ಲಬೇಕು. ನನಗೆ ಹೇಳಿದ ಕೆಲಸ ಇದೊಂದೇ.

ಹುಟ್ಟಿದ್ದು ಎಲ್ಲೋ ದೂರದ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಮಾಡಿದ ಮುದುಕನ ಉಗುರುಗಳು ಹಿತ್ತಾಳೆಯ ಕಿಲುಬಿನಿಂದ ಹಸಿರಾಗಿದ್ದವು. ಆತ ನನ್ನ ಮುಳ್ಳನ್ನು ಅಯಸ್ಕಾಂತಕ್ಕೆ ಒಂದೇ ದಿಕ್ಕಿನಲ್ಲಿ ಇಪ್ಪತ್ತು ಸಲ ಉಜ್ಜಿ, ಮೊನೆಯ ಮೇಲಿಟ್ಟು, ಉಸಿರು ಹಿಡಿದು ನೋಡಿದ. ನಾನು ತೂಗಾಡಿದೆ, ನಡುಗಿದೆ, ನಿಂತೆ. ಆತ ಉಸಿರು ಬಿಟ್ಟ. ಅಯಸ್ಕಾಂತ ಕೊಟ್ಟದ್ದನ್ನು ಅಯಸ್ಕಾಂತವೇ ಕಸಿದುಕೊಳ್ಳಬಲ್ಲದು ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಮೊದಲು ನನ್ನನ್ನು ಇಟ್ಟುಕೊಂಡವರು ಕಾಲುವೆಯ ಸರ್ವೆಗೆ ಬಂದ ವೆಂಕೋಬರಾಯರು. ಹನ್ನೆರಡು ವರ್ಷ ಅವರ ಜೊತೆ ಎರೆಹೊಲಗಳಲ್ಲಿ ತಿರುಗಿದೆ. ಒಮ್ಮೆ ನನ್ನನ್ನು ನಿಲ್ಲಿಸುವ ಮುಕ್ಕಾಲಿಯ ಒಂದು ಕಾಲು ಮುರಿಯಿತು. ರಾಣೇಬೆನ್ನೂರಿನ ಆಚೆ, ಹಳ್ಳದ ದಂಡೆಯ ಒಂದು ಊರಿನಲ್ಲಿ ಕಾಳಪ್ಪ ಬಡಿಗೇರ ಎಂಬ ಹರೆಯದ ಬಡಿಗ ಅದಕ್ಕೆ ಹೊಸ ಕಾಲು ಕೂಡಿಸಿದ. ಕೂಡಿಸಿದ್ದು ಎಲ್ಲಿ ಎಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ನೌಕರಿ ಮುಗಿದು ಊರಿಗೆ ಹೊರಟಾಗ ರಾಯರು ನನ್ನನ್ನು ಆ ಕೈಗೆ ಇಟ್ಟರು.

"ಕಾಳಪ್ಪಾ, ಇದಕ್ಕ ಒಂದು ದುರ್ಗುಣ ಅದ ನೋಡು. ಮಗ್ಗಲಕ ಕಬ್ಬಿಣ ಇತ್ತಂದ್ರ ಸುಳ್ಳು ಹೇಳ್ತದ. ಸುಳ್ಳು ಹೇಳೂ ಮುಂದ ಒಂದಿಷ್ಟೂ ಅಳಕಂಗಿಲ್ಲ."

ಅವರು ಹೇಳಿದ್ದು ದಿಟ. ಸುಳ್ಳು ಹೇಳುವಾಗಲೂ ನಾನು ಹಾಗೆಯೇ ತೂಗಾಡಿ, ನಡುಗಿ, ನಿಲ್ಲುತ್ತೇನೆ.

ಕಾಳಪ್ಪ ಸುತ್ತ ಇಪ್ಪತ್ತು ಹಳ್ಳಿಗಳಲ್ಲಿ ಹೆಬ್ಬಾಗಿಲು ನಿಲ್ಲಿಸುವ ಬಡಿಗನಾದ. ಹೊಸ ಮನೆಗೆ ಚೌಕಟ್ಟು ನಿಲ್ಲಿಸುವ ದಿನ ನನ್ನನ್ನು ಅಂಗೈಯಲ್ಲಿಟ್ಟು ಮೂಡಣ ಹಿಡಿಯುತ್ತಿದ್ದ. ಉಳಿ, ಬಾಚಿ, ಗರಗಸ ಎಲ್ಲ ಅಂಗಳದಾಚೆ ಹೋಗಬೇಕು. ಚೌಕಟ್ಟು ನಿಂತ ಮೇಲೆ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಮೊದಲು ಹೊಸ್ತಿಲು ದಾಟುವವನು ಬಡಿಗ. ಒಳಗಿನಿಂದ ಹೊರಗೆ, ಮೂಡಣಕ್ಕೆ ಏಳು ಹೆಜ್ಜೆ, ಗಟ್ಟಿಯಾಗಿ ಎಣಿಸುತ್ತ. ಏಳನೆಯದಕ್ಕೆ ತಿರುಗಿ ನಿಂತು, "ಬಾಗಲಾ ನಿಂತಿತು" ಅನ್ನಬೇಕು. ಆ ಮಾತು ಬೀಳುವ ತನಕ ಮನೆಯವರು ಒಳಗೆ ಕಾಲಿಡುತ್ತಿರಲಿಲ್ಲ. ಇದು ಅವನಿಗೆ ಅವನ ಗುರು ಹೇಳಿಕೊಟ್ಟ ಪದ್ಧತಿ.

ಒಂದೇ ಒಂದು ಸಲ ನಾನು ಅವನಿಗೆ ಸುಳ್ಳು ಹೇಳಿದೆ. ಪಕ್ಕದಲ್ಲಿದ್ದ ಮೇವಿನ ಕಣಿಕೆಯ ಸಿವುಡುಗಳ ಕೆಳಗೆ ಯಾರೋ ನೇಗಿಲ ಕಬ್ಬಿಣದ ಗುಳ ಇಟ್ಟಿದ್ದರು. ಮೂರು ದಿನದ ಮೇಲೆ ಅದು ಗೊತ್ತಾದಾಗ ಕಾಳಪ್ಪ ಯಾರೂ ಕೇಳದಿದ್ದರೂ ಹೋಗಿ ಗೋಡೆ ಒಡೆದು ಚೌಕಟ್ಟು ಕಿತ್ತು ಮತ್ತೆ ನಿಲ್ಲಿಸಿದ. "ಇರಲಿ ಬಿಡೋ ಕಾಳಪ್ಪ, ನಾಕು ಬಟ್ಟಿನ ಫರಕು" ಎಂದರು ಮನೆಯವರು. "ತಪ್ಪು ನಿಂದರಸಿದ ಬಾಗಲಾ ಊರಾಗ ಇಟ್ಟು ನನಗ ಕೂಳ ಸೇರಂಗಿಲ್ರೀ" ಎಂದ ಇವನು.

ಸಲಕರಣೆಗಳಿಗೆ ಆತ ಒಂದು ಸಾಗವಾನಿ ಪೆಟ್ಟಿಗೆ ಮಾಡಿದ. ಎದುರಿಗೆ ಬೀಗ. ಹಿಂಬದಿಯ ಅಂಚಿನಲ್ಲಿ ಯಾರಿಗೂ ಕಾಣದ ಒಂದು ಬೆಣೆ. ಅದನ್ನು ಒತ್ತಿ ಸರಿಸಿದರೆ ಬೀಗವಿದ್ದಂತೆಯೇ ಮುಚ್ಚಳ ಏಳುತ್ತಿತ್ತು. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಮಾಡುವಾಗ ನಾನೊಂದೇ ಗೋಡೆಯ ಗೂಡಿನಿಂದ ನೋಡಿದ್ದೆ.

ಆ ಗೂಡಿನಲ್ಲಿಯೇ ನನ್ನ ವಾಸ. ಮಗ ಮೌನೇಶನ ಹೆಂಡತಿಯಾಗಿ ಮನೆಗೆ ಬಂದ ಅನಸೂಯಾ ಒಂದು ದಿನ ಈಳಿಗೆಯನ್ನು ತಂದು ನನ್ನ ಪಕ್ಕ ಇಟ್ಟಳು. ಮುಳ್ಳು ಗಿರ್ರನೆ ತಿರುಗಿತು. "ಯವ್ವಾ, ಅದರ ಮಗ್ಗಲಕ ಕಬ್ಬಿಣ ಇಡಬ್ಯಾಡ, ಹುಚ್ಚ ಹಿಡಿದಂಗ ಮಾಡತೈತಿ" ಎಂದ ಮಾವ. ಆಕೆ ಈಳಿಗೆ ತೆಗೆದಳು. ಮಾವ ಅತ್ತ ಹೋದ ಮೇಲೆ ಮತ್ತೆ ತಂದಳು, ತೆಗೆದಳು, ತಂದಳು. ನನ್ನ ಕುಣಿತ ನೋಡಿ ಬಾಯಿಗೆ ಸೆರಗಿಟ್ಟು ನಕ್ಕಳು. ಆ ನಗೆ ನನಗೆ ಈಗಲೂ ನೆನಪಿದೆ. ಅವಳಿಗೂ ನೆನಪಿತ್ತು.

ವರ್ಷಗಳು ಕಳೆದವು. ಕಾಳಪ್ಪನ ಹೆಂಡತಿ ತೀರಿಕೊಂಡಳು. ಮೌನೇಶ ರಾಣೇಬೆನ್ನೂರಿನಲ್ಲಿ ಪ್ಲೈವುಡ್ ಅಂಗಡಿ ಇಟ್ಟ. ಕಾಳಪ್ಪನಿಗೆ ಮರೆವು ಬಂತು. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು. ಕಬ್ಬಿಣದ ಮಾತೂ ಹೋಯಿತು. ಹೋಗದೆ ಉಳಿದದ್ದು ಕೈ ಮತ್ತು ಕಾಲು. ಪ್ರತಿದಿನ ನಸುಕಿಗೆ ಎದ್ದು ಗೂಡಿನಿಂದ ನನ್ನನ್ನು ತೆಗೆದುಕೊಂಡು, ಮೂಡಣ ಹಿಡಿದು, ಹೆಬ್ಬಾಗಿಲು ದಾಟಿ ಏಳು ಹೆಜ್ಜೆ ಎಣಿಸುತ್ತಿದ್ದ. ಏಳಕ್ಕೆ ಸರಿಯಾಗಿ ಬೇವಿನ ಕಟ್ಟೆ. "ಬಾಗಲಾ ನಿಂತಿತು" ಎಂದು ಕಟ್ಟೆಯ ಮೇಲೆ ಕೂತರೆ ಅವನ ಮನಸ್ಸು ತಣ್ಣಗಾಗುತ್ತಿತ್ತು.

ನಡುವೆ ಹಿಡಿಯಬಾರದು. ಒಮ್ಮೆ ಮೌನೇಶ ನಾಲ್ಕನೆಯ ಹೆಜ್ಜೆಗೆ ಹಿಂದಿನಿಂದ ರಟ್ಟೆ ಹಿಡಿದ. ಅಪ್ಪ ಕೊಡವಿದ ರಭಸಕ್ಕೆ ಮಗ ಬಿದ್ದು ಮಣಿಕಟ್ಟು ಮುರಿಯಿತು. ಅಂದಿನಿಂದ ಆ ಏಳು ಹೆಜ್ಜೆಗಳ ಕಾವಲು ಅನಸೂಯಾಳದು. ಮುಟ್ಟದೆ, ಮಾತಾಡದೆ, ಪಕ್ಕದಲ್ಲಿ ನಡೆಯುತ್ತಿದ್ದಳು.

ಹೀಗಿರುವಾಗ ಅಂಗಡಿಗೆ ಅಂಟು ಮಾರುವ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಹಡಗಿನ ಪ್ರವಾಸಕ್ಕೆ ಕಳಿಸುತ್ತೇವೆಂದರು. ಮುಂಬೈಯಿಂದ ಹೊರಟು ಲಕ್ಷದ್ವೀಪದ ತನಕ ಹೋಗಿ ಬರುವುದು, ನಾಲ್ಕು ದಿನ. ಮುದುಕನನ್ನು ಬಿಟ್ಟು ಹೋಗುವಂತಿಲ್ಲ. ಮೂವರೂ ಹೊರಡುವುದೆಂದಾಯಿತು. ಖೋಲಿ ಆರಿಸಲು ಹುಬ್ಬಳ್ಳಿಯ ಪ್ರವಾಸದ ಆಫೀಸಿಗೆ ಹೋದರು. ನಾನು ಕಾಳಪ್ಪನ ಅಂಗಿಯ ಕಿಸೆಯಲ್ಲಿದ್ದೆ.

ಆಫೀಸಿನ ಹುಡುಗಿ ಮೇಜಿನ ಮೇಲೆ ಹಡಗಿನ ನಕ್ಷೆ ಹಾಸಿದಳು. ಜೇನುಗೂಡಿನ ಕಣ್ಣುಗಳಂತೆ ನೂರಾರು ಖೋಲಿಗಳು. "ನೋಡ್ರಿ ಸರ್, ನಡುವ ಇರೂವು ಒಳಗಿನ ಖೋಲಿ, ಕಿಟಕಿ ಇಲ್ಲ. ಅಂಚಿನ್ಯಾಗ ಇರೂವಕ್ಕ ಬಾಲ್ಕನಿ ಅದಾವು. ಈ ಮುಂದಿನವು ಸೂಟ್, ದೊಡ್ಡವು. ಹೊಯ್ದಾಟ ಕಡಿಮಿ ಬೇಕಂದ್ರ ಹಡಗಿನ ನಟ್ಟನಡುವ ತಗೋರಿ."

"ಒಳಗಿಂದು ಕೊಡ್ರಿ" ಎಂದಳು ಅನಸೂಯಾ. "ನಾಕೂ ಕಡೆ ಗ್ವಾಡಿ ಇದ್ರ ಸಾಕು."

ಮೌನೇಶ ನಕ್ಕ. "ಸಮುದ್ರಾ ನೋಡಾಕ ಅಷ್ಟ ದೂರ ಹೋಗಿ ಗ್ವಾಡಿ ನೋಡಕೋತ ಕುಂದ್ರೂದೇನ? ಗ್ವಾಡಿ ನಮ್ಮ ಮನ್ಯಾಗೂ ಅದಾವು."

"ರೀ, ಮಾವಾರ ಏಳು ಹೆಜ್ಜಿ ಇಡತಾರ. ಬಾಲ್ಕನಿ ಎಷ್ಟ ಹೆಜ್ಜಿ ಐತಿ, ಕೇಳ್ರಿ ಆಕೀನ."

ಹುಡುಗಿ ನಕ್ಷೆಯ ಮೇಲೆ ಬೆರಳಿಟ್ಟು ಅಂದಾಜು ಮಾಡಿದಳು. "ಒಳಗಿನಿಂದ ಹಿಡದ್ರ ಒಂದು ನಾಕು ಹೆಜ್ಜಿ ಆಗಬಹುದ್ರಿ. ಆಮ್ಯಾಲೆ ಕಟಕಟಿ ಅದ, ಎದಿಮಟ್ಟ."

ಅನಸೂಯಾ ಗಂಡನ ಮುಖ ನೋಡಿದಳು. ಅವನಿಗೆ ಬೇರೆಯೇ ಯೋಚನೆ ಬಂದಿತ್ತು. ಇಪ್ಪತ್ತು ಹಳ್ಳಿಗೆ ಬಾಗಿಲು ನಿಲ್ಲಿಸಿದ ಅಪ್ಪನನ್ನು ಈಗ ಯಾರೂ ಏನೂ ಕೇಳುವುದಿಲ್ಲ. "ಯಪ್ಪಾ, ಈ ಮನ್ಯಾಗ ಯಾವ ಖೋಲಿ ಹಿಡಿಯೂಣು? ನೀನಽ ಹೇಳು" ಎಂದ.

ಮುದುಕನ ಬೆನ್ನು ನೆಟ್ಟಗಾಯಿತು. ನನ್ನನ್ನು ತೆಗೆದು ನಕ್ಷೆಯ ನಟ್ಟನಡುವೆ ಇಟ್ಟ. ಅದು ಮರದ ಮೇಜು. ನಾನು ನಿಜವನ್ನೇ ಹೇಳಿದೆ. ಮೂಡಣ ಇದ್ದದ್ದು ಆಫೀಸಿನ ಕಿಟಕಿಯ ಕಡೆ. ಆ ಕಡೆಗೆ ಬಂದ ಸಾಲಿನಲ್ಲಿ ಕಾಳಪ್ಪ ಒಂದು ಬಾಲ್ಕನಿ ಖೋಲಿಯ ಮೇಲೆ ಹೆಬ್ಬೆರಳೊತ್ತಿದ. "ಇದು. ಇದರ ಬಾಗಲಾ ಮೂಡಣಕ್ಕ ಐತಿ."

"ಅಜ್ಜಾರ, ಹಡಗ ತಿರಗತದ್ರೀ" ಎಂದು ನಕ್ಕಳು ಹುಡುಗಿ.

"ಮನಿ ಎಲ್ಲಿ ತಿರಗತೈತವಾ ತಂಗಿ?" ಎಂದು ಕಾಳಪ್ಪನೂ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದ. ಮೌನೇಶನ ಕಣ್ಣು ತುಂಬಿತು. ಆ ಖೋಲಿಯೇ ಗಟ್ಟಿಯಾಯಿತು. ನಕ್ಷೆಯನ್ನು ಮೇಜಿನ ಮೇಲೆ ಅಡ್ಡ ಹಾಸಿದ್ದರೆ ಬೇರೆ ಖೋಲಿ ಬರುತ್ತಿತ್ತು ಎಂಬುದು ಅನಸೂಯಾಳಿಗೆ ಹೊಳೆದಿತ್ತೋ ಏನೋ. ಮಾವನ ನಗೆ ಕೆಡಿಸಲಾರದೆ ಸುಮ್ಮನಾದಳು.

ಹಡಗು ಹತ್ತಿದ ಗಳಿಗೆಯಲ್ಲಿಯೇ ನನ್ನ ಎದೆ ಹಿಡಿದುಕೊಂಡಿತು. ಕಾಲಡಿ ಕಬ್ಬಿಣ, ತಲೆಯ ಮೇಲೆ ಕಬ್ಬಿಣ, ಬಣ್ಣ ಬಳಿದ ಗೋಡೆಯೊಳಗೂ ಕಬ್ಬಿಣ. ಹನ್ನೆರಡು ಅಂತಸ್ತಿನ ಒಂದು ಊರೇ ಕಬ್ಬಿಣ. ಹಿಂದೆ ಹಡಗಿನಲ್ಲಿ ಹೋಗಿಬಂದ ಯಾರೋ ಹೇಳಿದ್ದರಿಂದ ಅನಸೂಯಾ ಬಟ್ಟೆ ತೂಗುಹಾಕಲು ಅಯಸ್ಕಾಂತದ ಕೊಕ್ಕೆಗಳನ್ನು ತಂದಿದ್ದಳು. ಗೋಡೆಗೆ ಮುಟ್ಟಿಸಿದರೆ ಟಪ್ಪೆಂದು ಕಚ್ಚಿಕೊಳ್ಳುತ್ತಿದ್ದವು. ಒಂದೊಂದು ಕಚ್ಚಿದಾಗಲೂ ನಾನು ಡಬ್ಬಿಯೊಳಗೆ ಬೆಚ್ಚುತ್ತಿದ್ದೆ.

ಮೊದಲ ಬೆಳಗು ಎಲ್ಲ ಸರಿಯಾಗಿ ಕಂಡಿತು. ಹಡಗು ತೆಂಕಣಕ್ಕೆ ಹೋಗುತ್ತಿತ್ತು. ಬಾಲ್ಕನಿಯ ಎದುರಿಗೇ ಸೂರ್ಯ ಹುಟ್ಟಿದ. "ನೋಡಿದ್ಯಾ? ಅಪ್ಪ ಹಿಡಿದ ದಿಕ್ಕು ತಪ್ಪಂಗಿಲ್ಲ" ಎಂದು ಮೌನೇಶ ಹೆಂಡತಿಗೆ ಹೇಳಿದ. ಕಾಳಪ್ಪ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಕಟಕಟೆ ಎದೆಗೆ ತಾಗಿತು. ಅದರ ಮೇಲೆ ಕೂಡಿಸಿದ ಮರದ ಪಟ್ಟಿಯನ್ನು ಬೆರಳಿನಿಂದ ಸವರಿದ, ಬಡಿದ, ಆಚೆ ಬಗ್ಗಿ ನೋಡಿದ.

"ಹೊಸ್ತಲಾ ಎತ್ತರ ಇಟ್ಟಾರ" ಎಂದ. "ಒಂದು ಮೆಟ್ಟಲಾ ಬೇಕು."

ಮೌನೇಶ ಫೋಟೋ ತೆಗೆಯುತ್ತಿದ್ದ. ಅನಸೂಯಾ ಬಾಲ್ಕನಿಯ ಕುರ್ಚಿಗಳೆರಡನ್ನೂ ಒಳಗೆ ಎಳೆದುಕೊಂಡಳು. ಬಾಗಿಲಿನ ಹಿಡಿಕೆಗೆ ತನ್ನ ಸೀರೆಯನ್ನು ಬಿಗಿದು, ಅದರ ಎದುರು ಹಾಸಿಗೆ ಹಾಸಿದಳು.

ಅಂದೇ ಸಂಜೆ ದ್ವೀಪ ನೋಡಿ ಹಡಗು ಮರಳಿ ತಿರುಗಿತು. ಮರುದಿನ ಬಾಲ್ಕನಿಯ ಕಡೆ ಬೆಳಕೇ ಹರಿಯಲಿಲ್ಲ. ಸೂರ್ಯ ಹಡಗಿನ ಆಚೆ ಬದಿಯ ಖೋಲಿಗಳವರಿಗೆ ಹುಟ್ಟಿದ್ದ. "ಎಲ್ಲಿ ಹೋತ್ರೀ ನಿಮ್ಮ ಮೂಡಣ?" ಎಂದು ಅನಸೂಯಾ ಗಂಡನನ್ನು ಕೇಳಿದಳು. ಕಾಳಪ್ಪ ಆ ದಿನವಿಡೀ ಉಣ್ಣಲಿಲ್ಲ. "ಬಾಗಲಾ ತಪ್ಪೇತಿ. ನಾನಽ ನಿಂದರಸೇನಿ. ಕೀಳಬೇಕು. ನನ್ನ ಬಾಚಿ ಎಲ್ಲಿ?" ಎಂದು ಗೋಡೆ ಗೋಡೆ ತಡವಿದ.

ಮೂರನೆಯ ನಸುಕು. ಬಿಗಿದ ಸೀರೆಯ ಗಂಟನ್ನು ಆ ಕೈಗಳು ಸದ್ದಿಲ್ಲದೆ ಬಿಚ್ಚಿದವು. ಎರಡು ದಿನ ರೆಪ್ಪೆ ಮುಚ್ಚದ ಅನಸೂಯಾಳಿಗೆ ಆಗಷ್ಟೇ ಜೊಂಪು ಹತ್ತಿತ್ತು. ಕಾಳಪ್ಪ ಅವಳನ್ನು ದಾಟಿದ. ಒಂದು ಕಂಕುಳಲ್ಲಿ ಖೋಲಿಯೊಳಗಿದ್ದ, ಕುರ್ಚಿಯಲ್ಲಿ ಕೂತವರು ಕಾಲಿಡುವ ಗಿಡ್ಡ ಮಣೆ, ಇನ್ನೊಂದು ಅಂಗೈಯಲ್ಲಿ ನಾನು. ಮಣೆಯನ್ನು ಕಟಕಟೆಗೆ ಒತ್ತಿ ಇಟ್ಟು, ಅಲುಗಾಡುವುದೋ ಎಂದು ಕೈಯಿಂದ ಅದುಮಿ ನೋಡಿದ. ಬಾಗಿಲ ತನಕ ಹಿಂದೆ ಸರಿದು ನನ್ನನ್ನು ಕೇಳಿದ.

ಕಬ್ಬಿಣದ ಗೋಡೆ ನನ್ನ ಕೆಂಪು ಮೊನೆಯನ್ನು ಹಿಡಿದೆಳೆಯಿತು. ನಾನು ತೂಗಾಡಿದೆ, ನಡುಗಿದೆ, ನಿಂತೆ. ಮೂಡಣ ನೀರಿನ ಕಡೆ ಎಂದು ಹೇಳಿದೆ. ಅಳುಕಲಿಲ್ಲ. ಅಳುಕಲು ನನಗೆ ಬರುವುದಿಲ್ಲ.

"ಒಂದು" ಎಂದ ಕಾಳಪ್ಪ.

ಗಾಳಿ ಒಳಗೆ ನುಗ್ಗಿ ಅನಸೂಯಾಳಿಗೆ ಎಚ್ಚರವಾಯಿತು. ಮಣೆ ಕಂಡಳು. ಕೂಗಿದರೆ ಗಂಡ ಬಂದು ಹಿಡಿಯುತ್ತಾನೆ, ಹಿಡಿದರೆ ಮುದುಕ ಕೊಡವುತ್ತಾನೆ, ಅದೂ ಕಟಕಟೆಯ ಪಕ್ಕದಲ್ಲಿ. "ಎರಡು." ಅವಳ ಕಣ್ಣು ಗೋಡೆಯ ಮೇಲಿನ ಕೊಕ್ಕೆಯ ಮೇಲೆ ಬಿತ್ತು. ಕಿತ್ತುಕೊಂಡು ಬರಿಗಾಲಲ್ಲಿ ಬಂದಳು. "ಮೂರು."

"ಮಾವಾರ, ಡಬ್ಬಿ ಒಮ್ಮಿ ನೋಡ್ರಿ" ಎಂದಳು. ಹೇಳುತ್ತಲೇ ಅವನ ಅಂಗೈ ಕೆಳಗೆ ಕೊಕ್ಕೆ ಹಿಡಿದಳು.

ನನ್ನೊಳಗೆ ಏನೋ ಮುರಿಯಿತು. ಮುಳ್ಳು ಗಿರಗಿರ ತಿರುಗಿ, ತಲೆಕೆಳಗಾಗಿ, ಅವಳು ಎಳೆದ ಕಡೆಗೆ ಬಿಗಿದು ನಿಂತಿತು. ಕಾಳಪ್ಪ ನೋಡಿದ. ಎದುರಿಗಿದ್ದ ಸಮುದ್ರವನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಅವನು ನಂಬಿದ್ದು ನನ್ನನ್ನು. ನಿಧಾನಕ್ಕೆ ಬೆನ್ನು ತಿರುಗಿಸಿ ಮೊದಲಿನಿಂದ ಎಣಿಸಿದ. ಏಳನೆಯದಕ್ಕೆ ಖೋಲಿಯ ಒಳಬಾಗಿಲಿಗೆ ಅವನ ಹಣೆ ತಾಗಿತು.

"ಬಾಗಲಾ ನಿಂತಿತು" ಎಂದ.

ಅನಸೂಯಾ ಬಾಲ್ಕನಿಯ ಬಾಗಿಲು ಹಾಕಿ ಅದಕ್ಕೆ ಬೆನ್ನು ಒತ್ತಿ ಕೂತಳು. ಕೊಕ್ಕೆ ಇನ್ನೂ ಅವಳ ಮುಷ್ಟಿಯಲ್ಲಿತ್ತು.

ಊರಿಗೆ ಬಂದೆವು. ನನ್ನನ್ನು ಮತ್ತೆ ಗೂಡಿನಲ್ಲಿಟ್ಟರು. ಸುತ್ತ ಕಬ್ಬಿಣವಿರಲಿಲ್ಲ. ನಾನು ತೂಗಾಡಿ, ನಡುಗಿ, ನಿಂತೆ. ಕೆಂಪು ಮೊನೆ ತೆಂಕಣಕ್ಕೆ ನಿಂತಿತ್ತು; ಕೊಕ್ಕೆಯ ಅಯಸ್ಕಾಂತ ನನ್ನ ಬಡಗಣವನ್ನು ಕಸಿದುಕೊಂಡಿತ್ತು. ಅದನ್ನು ಯಾರೂ ನೋಡಲಿಲ್ಲ.

ಮರುದಿನ ನಸುಕಿಗೆ ಕಾಳಪ್ಪ ನನ್ನನ್ನು ಕೇಳಿ, ಹೆಬ್ಬಾಗಿಲಿಗೆ ಬೆನ್ನು ಹಾಕಿ, ಹಿತ್ತಲ ಬಾಗಿಲಿಗೆ ಬಂದ. ಅದರಾಚೆ ಐದು ಹೆಜ್ಜೆಗೆ ಹಳ್ಳದ ದಂಡೆ. ಮೊನ್ನೆಯ ನೆರೆಗೆ ಮಣ್ಣು ಕುಸಿದು, ಕೆಳಗೆ ಬರೀ ಬಂಡೆ. ಅಗಳಿ ಸರಿದ ಸದ್ದಿಗೆ ಅನಸೂಯಾ ಓಡಿ ಬಂದು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಮಾವಾರ, ದಾಟಬ್ಯಾಡ್ರಿ. ಗಾರಿ ಇನ್ನೂ ಹಸಿ ಐತಿ."

ಹಸಿ ಗಾರೆಯ ಚೌಕಟ್ಟನ್ನು ಯಾವ ಬಡಿಗನೂ ದಾಟುವುದಿಲ್ಲ. ಕಾಳಪ್ಪ ನಿಂತ. "ಯಾವಾಗ ಒಣಗತೈತಿ?" ಎಂದು ಕೇಳಿದ.

"ನಾಳೆ" ಎಂದಳು. ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು. ಎದುರಿನ ಹೆಬ್ಬಾಗಿಲಾಚೆ ಹುಟ್ಟುವ ಸೂರ್ಯನನ್ನೂ ನನ್ನ ಕೆಂಪು ಮೊನೆಯನ್ನೂ ಎರಡೆರಡು ಸಲ ನೋಡಿದಳು. ಅವಳಿಗೆ ತಿಳಿಯಿತು.

ಮಾವ ಮಲಗಿದಾಗ ನನ್ನನ್ನು ಹಳ್ಳಕ್ಕೆ ಎಸೆಯಲೆಂದು ಒಯ್ದವಳು ಯಾಕೋ ಎಸೆಯಲಿಲ್ಲ. ಸಲಕರಣೆಗಳ ಸಾಗವಾನಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬದುಕಿಡೀ ಯಾವುದರಿಂದ ನನ್ನನ್ನು ದೂರ ಇಟ್ಟಿದ್ದರೋ ಆ ಉಳಿ, ಬಾಚಿ, ಗರಗಸಗಳ ನಡುವೆ ಈಗ ನಾನು ಮಲಗಿದ್ದೇನೆ. ಮುಪ್ಪಿಗೆ ಇದೇ ಸರಿಯಾದ ಜಾಗ ಎಂದು ನನಗೂ ಅನ್ನಿಸಿದೆ. ಯಾರೂ ಕೇಳದಿದ್ದರೆ ಸುಳ್ಳು ಹೇಳುವ ಪ್ರಸಂಗವೂ ಬರುವುದಿಲ್ಲ. ನಾನು ಕೆಟ್ಟದ್ದನ್ನು ಬಯಸಿದವನಲ್ಲ. ಆದರೆ ಅಂಗೈಯಲ್ಲಿಟ್ಟು ಕೇಳಿದರೆ ಉತ್ತರ ಕೊಡದೆ ಇರಲೂ ನನಗೆ ಬರುವುದಿಲ್ಲ.

ಅನಸೂಯಾ ಹಿತ್ತಲ ಬಾಗಿಲಿಗೆ ಹೊಸ ಅಗಳಿ ಹಾಕಿಸಿದ್ದಾಳೆ. ದಿನಾ ನಸುಕಿಗೆ, "ಗಾರಿ ಒಣಗಿತೇನವಾ?" ಎಂದು ಕಾಳಪ್ಪ ಕೇಳುವುದು, "ಇನ್ನೂ ಇಲ್ರೀ" ಎಂದು ಅವಳು ಹೇಳುವುದು ಇಲ್ಲಿಗೆ ಕೇಳಿಸುತ್ತದೆ. ಆಮೇಲೆ ಬರಿಗಾಲ ಸದ್ದು ಈ ಕಡೆ ಬರುತ್ತದೆ. ಬೆರಳುಗಳು ಪೆಟ್ಟಿಗೆಯ ಮೈ ಸವರುತ್ತವೆ. ಬೀಗವನ್ನು ಮುಟ್ಟಿ ಬಿಡುತ್ತವೆ. ಮರೆತದ್ದೇನನ್ನೋ ಹುಡುಕುತ್ತ ಹಿಂಬದಿಯ ಅಂಚಿಗೆ ಇಳಿಯುತ್ತವೆ. ಅವಳು ಕೀಲಿಕೈ ಸೊಂಟದಲ್ಲಿದೆಯೆಂದು ಮುಟ್ಟಿ ನೋಡಿಕೊಂಡು ಒಲೆ ಹೊತ್ತಿಸಲು ಹೋಗುತ್ತಾಳೆ.

ಇವತ್ತು ಆ ಹೆಬ್ಬೆರಳು ಬೆಣೆಯ ಮೇಲೆ ಬಂದು ನಿಂತಿತು. ತುಸು ಒತ್ತಿತು.