ಮಹಡಿ ಕೋಣೆಗೆ ಏನು ಬೇಕು?

ಆ ವಾರವೆಲ್ಲ ಲೈಬ್ರರಿಯಮ್ಮ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಬೀದಿಯ ಕೊನೆಯಲ್ಲಿರುವ ಸಾರ್ವಜನಿಕ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಅವಳನ್ನು ದೊಡ್ಡವರೆಲ್ಲ ಕರೆಯುತ್ತಿದ್ದುದೇ ಹಾಗೆ. ಚಿಂತೆಗೆ ಕಾರಣ ಮಹಡಿಯ ಮೇಲಿನ ಕೋಣೆ. ಎರಡು ದೊಡ್ಡ ಕಿಟಕಿ, ಸಂಜೆಯವರೆಗೂ ಬೆಳಕು, ಬರಿಗಾಲಿಗೆ ಹಿತವಾಗುವ ತಣ್ಣನೆಯ ನೆಲ. ಅದನ್ನು ಹರೆಯದ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಅವಳ ಆಸೆ. ಗ್ರಂಥಾಲಯ ಸಮಿತಿಯ ಅಧ್ಯಕ್ಷರಿಗೋ, ಕೆಳಗೆ ಕಾಲಿಡಲು ಜಾಗವಿಲ್ಲದಂತೆ ಬಿದ್ದಿದ್ದ ಹಳೇ ಪೇಪರಿನ ಕಟ್ಟುಗಳನ್ನೆಲ್ಲ ಅಲ್ಲಿಗೆ ಸಾಗಿಸಿಬಿಡುವ ಆಸೆ. ಆ ವಯಸ್ಸಿನವರು ಗ್ರಂಥಾಲಯಕ್ಕೆ ಬರುವುದು ಮಳೆ ಬಂದಾಗ ಮಾತ್ರ, ಅದೂ ಬಾಗಿಲವರೆಗೆ ಎಂದು ಅವರ ವಾದ. ಅವರಿಗೆ ಏನು ಬೇಕೋ ಅವರ ಬಾಯಿಂದಲೇ ಕೇಳೋಣ ಎಂದು ಇವಳ ವಾದ. ಕೊನೆಗೆ ಶನಿವಾರ ಸಂಜೆ ತಾವೇ ಬಂದು ನೋಡುವುದಾಗಿಯೂ, ಮಕ್ಕಳು ಬಾಯಿ ಬಿಡದಿದ್ದರೆ ಸೋಮವಾರವೇ ಕಟ್ಟುಗಳು ಮೆಟ್ಟಿಲು ಹತ್ತುತ್ತವೆಂದೂ ಹೇಳಿ ಅಧ್ಯಕ್ಷರು ಕೊಡೆ ಎತ್ತಿಕೊಂಡು ಹೋಗಿದ್ದರು.

ಲೈಬ್ರರಿಯಮ್ಮ ಮೊದಲು ಬಾಗಿಲ ಬಳಿ ಸಲಹಾ ಪೆಟ್ಟಿಗೆ ಇಟ್ಟಳು. ಎರಡು ದಿನ ಬಿಟ್ಟು ತೆರೆದರೆ ಒಳಗೆ ಒಂದು ಬಸ್ ಟಿಕೆಟ್, ಮುರಿದ ಹೇರ್‌ಪಿನ್ನು, ಫ್ಯಾನು ಕಿರುಗುಟ್ಟುತ್ತದೆ ಎಂಬ ಚೀಟಿ. ಚೀಟಿಯ ಮುತ್ತಿನಂಥ ಅಕ್ಷರ ದಿನಾ ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರದು. ಆಮೇಲೆ ಶಾಲೆ ಬಿಡುವ ಹೊತ್ತಿಗೆ ಗ್ರಂಥಾಲಯದ ಗೇಟಿನಲ್ಲೇ ನಿಂತು ಒಬ್ಬೊಬ್ಬರನ್ನೇ ತಡೆದು ಕೇಳಿದಳು. ಮಕ್ಕಳು ಬಹಳ ಮರ್ಯಾದಸ್ಥರು. ಗ್ರಂಥಾಲಯ ಹೇಗಿದೆ ಎಂದರೆ ಚೆನ್ನಾಗಿದೆ ಆಂಟಿ ಎಂದರು. ಏನು ಬೇಕು ಎಂದರೆ ಏನೂ ಬೇಡ ಆಂಟಿ ಎಂದರು. ಒಳಗೆ ಯಾವತ್ತಾದರೂ ಬಂದಿದ್ದೀರಾ ಎಂದರೆ, ಇಲ್ಲ, ಆದರೆ ಚೆನ್ನಾಗಿದೆ ಎಂದರು.

ಮನೆಗೆ ಬಂದು ಒಣಗಿದ ಬಟ್ಟೆಯ ರಾಶಿ ಮುಂದೆ ಹಾಕಿಕೊಂಡು ಮಡಚುತ್ತಾ ಅವಳು ಇದನ್ನೆಲ್ಲ ಮಗಳಿಗೆ ಹೇಳಿಕೊಂಡಳು. ಮಗಳಿಗೆ ಹದಿನೈದು. ಮೇಜಿನ ಕೆಳಗೆ ತಲೆ, ಕುರ್ಚಿಯ ಮೇಲೆ ಕಾಲು ಇಟ್ಟುಕೊಂಡು ಓದುವುದು ಅವಳ ಪದ್ಧತಿ. ಶನಿವಾರದ ಕಾರ್ಯಕ್ರಮಕ್ಕೆ 'ಯುವ ಓದುಗರೊಂದಿಗೆ ಸಮಾಲೋಚನಾ ಸಭೆ' ಎಂದು ಹೆಸರಿಟ್ಟಿದ್ದೇನೆ ಎಂದು ಅಮ್ಮ ಹೇಳಿದಾಗ ಮೇಜಿನ ಕೆಳಗಿನಿಂದ ಒಂದು ನಿಟ್ಟುಸಿರು ಬಂತು.

"ಅಮ್ಮ, ಅದಕ್ಕಿಂತ ನಾವೆಲ್ಲ ಹಲ್ಲಿನ ಡಾಕ್ಟರ ಹತ್ರ ಹೋಗ್ತೀವಿ. ಅಲ್ಲಿ ನೋವಾದ್ರೂ ಬೇಗ ಮುಗಿಯುತ್ತೆ."

"ಮತ್ತೆ ಹೇಗಮ್ಮ ಕೇಳಲಿ?"

"ಕೇಳಲೇಬೇಡ. ಕೇಳಿದ್ರೆ ಯಾರು ಹೇಳ್ತಾರೆ? ತಪ್ಪು ಹೇಳು. ತಿದ್ದಕ್ಕೆ ಓಡಿ ಬರ್ತಾರೆ."

ಲೈಬ್ರರಿಯಮ್ಮನ ಕೈಯಲ್ಲಿ ದಿಂಬಿನ ಚೀಲ ಅರ್ಧ ಮಡಚಿದ ಹಾಗೇ ನಿಂತಿತು. ಅವಳು ಹೆತ್ತು, ಸಾಕಿ, ಜಡೆ ಹಾಕಿ ಬೆಳೆಸಿದ ಈ ತಲೆಯೊಳಗೆ ಇಷ್ಟೊಂದು ಬುದ್ಧಿ ಯಾವಾಗ ಹೊಕ್ಕಿತೋ. ಸುಳ್ಳು ಬರೆದು ಅಂಟಿಸುವುದು ಹೇಗೆ ಎಂದು ಹಿಂಜರಿದದ್ದಕ್ಕೆ, ಮೇಲೆ 'ಕರಡು' ಎಂದು ಬರೆದರೆ ಯಾವುದೂ ಸುಳ್ಳಲ್ಲ ಎಂದು ಮಗಳು ಸಮಾಧಾನ ಹೇಳಿದಳು. ಮಾರನೆಯ ದಿನ ಗೇಟಿನ ಮೇಲೆ ಒಂದು ದೊಡ್ಡ ಹಾಳೆ ಬಂತು. ಯುವಜನರಿಗಾಗಿ ಹಿರಿಯರು ಯೋಚಿಸಿದ ಕರಡು ಕಾರ್ಯಕ್ರಮ: ಸೋಮವಾರ ದುಂಡಾಗಿ ಬರೆಯುವ ಅಭ್ಯಾಸ, ಬುಧವಾರ ಹಿತವಚನ, ಶುಕ್ರವಾರ ಬೆನ್ನು ನೆಟ್ಟಗಿಟ್ಟು ಕೂರುವ ಶಿಬಿರ, ಭಾನುವಾರ ಹಳೇ ಪುಸ್ತಕಗಳಿಗೆ ರಟ್ಟು ಹಾಕುವ ಸಂಭ್ರಮ. ತಕರಾರಿದ್ದವರು ಶನಿವಾರ ಸಂಜೆ ಮಹಡಿಗೆ ಬರಬಹುದು. ಇದರಲ್ಲಿ ಅರ್ಧ ಅವಳು ನಿಜವಾಗಿಯೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಯೋಜನೆಗಳೇ. ಅದನ್ನು ಮಾತ್ರ ಮಗಳಿಗೆ ಹೇಳಲಿಲ್ಲ.

ಶನಿವಾರ ಸಂಜೆ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಮೆಟ್ಟಿಲ ಮೇಲೆ ದಡದಡ ಸದ್ದು, ಬಾಗಿಲಾಚೆ ರಾಶಿ ಚಪ್ಪಲಿ. ಮುಂದೆ ಏಣಿ ಎಂಬ ಅಡ್ಡಹೆಸರಿನ ಉದ್ದನೆಯ ಹುಡುಗ, ಅವನ ಮೊಣಕೈ ಎತ್ತರಕ್ಕೆ ಸಾಸಿವೆ ಎಂಬ ಹುಡುಗಿ. ಕಾದ ಎಣ್ಣೆಗೆ ಬಿದ್ದ ಹಾಗೆ ಸಿಡಿಯುತ್ತಿದ್ದುದರಿಂದ ಅವಳಿಗೆ ಆ ಹೆಸರು. ಹಿಂದೆ ಅವರವರ ಗೆಳೆಯರು, ಗೆಳತಿಯರು, ಒಬ್ಬಳ ಸೈಕಲ್ ಬುಟ್ಟಿಯಲ್ಲಿ ಬಂದ ನಾಯಿಮರಿ. ಲೈಬ್ರರಿಯಮ್ಮನ ಮಗಳು ಕೊನೆಯ ಸಾಲಿನಲ್ಲಿ ಗೋಡೆಗೆ ಅಂಟಿ ನಿಂತಿದ್ದಳು. ಬರುತ್ತೇನೆ, ಆದರೆ ಅಲ್ಲಿ ನಾನು ನಿನ್ನ ಮಗಳಲ್ಲ ಎಂದು ಕರಾರು ಮಾಡಿಯೇ ಬಂದಿದ್ದಳು. ಇಬ್ಬರ ಮೂಗೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದುದರಿಂದ ಕರಾರಿನಿಂದ ಯಾರೂ ಮೋಸ ಹೋಗಲಿಲ್ಲ.

"ಬೆನ್ನು ನೆಟ್ಟಗಿಡೋ ಶಿಬಿರ ಯಾರ ಐಡಿಯಾ ಆಂಟಿ?" ಸಾಸಿವೆ ಸೊಂಟದ ಮೇಲೆ ಕೈಯಿಟ್ಟಳು. "ಅವರ ಬೆನ್ನು ಒಂದ್ಸಲ ನೋಡಬೇಕಿತ್ತು."

ಲೈಬ್ರರಿಯಮ್ಮ ಯಾರಿಗೂ ತಿಳಿಯದಂತೆ ಬೆನ್ನು ನೆಟ್ಟಗೆ ಮಾಡಿಕೊಂಡಳು. ಹಾಗಾದರೆ ನಿಮ್ಮ ಪ್ರಕಾರ ಏನಿರಬೇಕು ಎಂದು ಆದಷ್ಟು ಸಪ್ಪೆಯಾಗಿ ಕೇಳಿದಳು. ಕಟ್ಟೆ ಒಡೆಯಿತು. ಶಾಲೆ, ಟ್ಯೂಷನ್ ಎಲ್ಲ ಮುಗಿದು ಉಸಿರು ಬಿಡುವ ಹೊತ್ತಿಗೇ ಗ್ರಂಥಾಲಯ ಬಾಗಿಲು ಹಾಕುತ್ತದೆ, ಇದು ಯಾವ ನ್ಯಾಯ ಎಂದು ಒಬ್ಬ. ಹರೆಯದಲ್ಲಿ ಮೈ ಬದಲಾಗುವುದರ ಬಗ್ಗೆ ಇರುವ ಪುಸ್ತಕಗಳು ಸರಿಯಾಗಿ ಕೌಂಟರಿನ ಎದುರಿಗೇ ಇವೆ, ಅಪ್ಪನ ಸ್ನೇಹಿತರ ಕಣ್ಣೆದುರು ಅದನ್ನು ಯಾರು ಎತ್ತುತ್ತಾರೆ, ಮೂಲೆಗೆ ಸರಿಸಿ ಎಂದು ಇಬ್ಬರು ಹುಡುಗಿಯರು. ಮೇಜು ಕುರ್ಚಿ ಬೇಡವೇ ಬೇಡ, ಮಲಗಿ ಓದಬೇಕು ಎಂದು ಏಣಿ. ಅವನ ಕಾಲಿಗೆ ಸರಿಹೊಂದುವ ಕುರ್ಚಿ ಇನ್ನೂ ಹುಟ್ಟಿಲ್ಲವಂತೆ. ಬರೆದ ಕವಿತೆಯನ್ನು ಯಾರೂ ನಗದೆ ಕೇಳಬೇಕು ಎಂದ ಒಬ್ಬನಿಗೆ, ಕೇಳ್ತೀವಿ, ನಗಲ್ಲ ಅನ್ನೋ ಗ್ಯಾರಂಟಿ ಮಾತ್ರ ಕೊಡಲ್ಲ ಎಂದು ಉತ್ತರ ಬಂತು. ಒಬ್ಬರ ಮಾತಿನ ಮೇಲೆ ಒಬ್ಬರ ಮಾತು, ಅದರ ಮೇಲೆ ನಾಯಿಮರಿಯದು. ಲೈಬ್ರರಿಯಮ್ಮನ ಎದೆ ಉಬ್ಬಿತು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದರೋ ಇದನ್ನೆಲ್ಲ ಎಂದುಕೊಂಡಳು. ಆ ಸಂತೋಷದಲ್ಲೇ ಅವಳ ತೋರುಬೆರಳು ತಾನಾಗಿ ಮೇಲೆದ್ದು ತುಟಿಗೆ ಬಂದು ನಿಂತಿತು.

"ಶ್..."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಕೆಲಸದ ಗುಣ, ಅದಕ್ಕಿಂತ ಗಟ್ಟಿ. ಮನೆಯಲ್ಲಿ ಉಕ್ಕುವ ಹಾಲಿಗೂ ಶ್ ಎನ್ನುವವಳು ಅವಳು. ಕೋಣೆ ಒಮ್ಮೆಲೇ ತಣ್ಣಗಾಯಿತು. ನಾಯಿಮರಿ ಕೂಡ ಕೂತುಬಿಟ್ಟಿತು. ಅವಳು ಕೈಮುಗಿದು, ತಪ್ಪಾಯಿತು, ಮಾತಾಡಿ, ಜೋರಾಗಿ ಮಾತಾಡಿ ಎಂದು ಬೇಡಿಕೊಂಡಳು. ಏಣಿ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ನಾಲ್ಕು ಮಾತು ಏರುವಷ್ಟರಲ್ಲಿ ಹಾಳು ಬೆರಳು ಮತ್ತೆ ಎದ್ದಿತು. ಈ ಬಾರಿ ಯಾರೂ ಮುಂದುವರಿಸಲಿಲ್ಲ. ಚೆನ್ನಾಗಿದೆ ಆಂಟಿ, ಎಲ್ಲ ಚೆನ್ನಾಗಿದೆ ಎಂದು ಯಾರೋ ಮೆಲ್ಲಗೆ ಅಂದರು. ಒಂದಿಬ್ಬರು ಚಪ್ಪಲಿ ಹುಡುಕತೊಡಗಿದರು. ಕಿಟಕಿಯ ಕೆಳಗೆ, ಬೀದಿಯ ಆ ತುದಿಯಿಂದ ಅಧ್ಯಕ್ಷರ ಕೊಡೆ ಬರುತ್ತಿರುವುದು ಕಂಡಿತು. ಲೈಬ್ರರಿಯಮ್ಮನ ಕಣ್ಣ ಮುಂದೆ ಕಟ್ಟುಗಳು ಒಂದೊಂದಾಗಿ ಮೆಟ್ಟಿಲು ಹತ್ತಿದವು.

ಆಗ ಹಿಂದಿನ ಗೋಡೆ ಬಿಟ್ಟು ಮಗಳು ಮುಂದೆ ಬಂದಳು. ಕಪಾಟಿನಿಂದ ದಪ್ಪದಪ್ಪನೆಯ ಪುಸ್ತಕಗಳನ್ನು ಬಾಚಿ ತಂದಳು.

"ಅಮ್ಮ, ಕೈ ಚಾಚು. ಇದನ್ನ ಹಿಡ್ಕೋ. ನಾವು ಹೇಳೋವರೆಗೆ ಇಳಿಸಬೇಡ."

ಎಲ್ಲರೆದುರು ಅಮ್ಮ ಅಂದಳಲ್ಲ ಎಂದು ಹಿಗ್ಗಿ ಲೈಬ್ರರಿಯಮ್ಮ ಎರಡೂ ಕೈ ಚಾಚಿದಳು. ಪುಸ್ತಕಗಳು ಗಲ್ಲದವರೆಗೆ ಬಂದವು. ಬೆರಳಿಗೆ ದಾರಿ ಬಂದ್. ಇನ್ನು ಬಾಯಿ ಉಳಿಯಿತು. ಸಾಸಿವೆ ಜೇಬಿನಿಂದ ಪೆಪ್ಪರ್‌ಮಿಂಟು ತೆಗೆದು, 'ಆ' ಮಾಡಿ ಆಂಟಿ ಎಂದು ಕೆನ್ನೆಗೊಂದರಂತೆ ತುರುಕಿದಳು. ಯಾರೋ ಕಿಸಕ್ಕೆಂದರು. ಆ ಕಿಸಕ್ಕಿಗೆ ಇನ್ನೊಂದು ಕಿಸಕ್ಕು ಸೇರಿ, ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಮುಗಿಯುವ ಮೊದಲೇ ಮಾತು ಶುರುವಾಯಿತು, ಮೊದಲಿನ ಎರಡರಷ್ಟು. ಲೈಬ್ರರಿಯಮ್ಮ ಮಾತಾಡಲಾಗದೆ, ಅಲ್ಲಾಡಲಾಗದೆ ನಿಂತು, ಇಷ್ಟು ಚೆನ್ನಾಗಿ ತಾನು ಯಾವತ್ತೂ ಯಾರ ಮಾತನ್ನೂ ಕೇಳಿರಲಿಲ್ಲ ಎಂದುಕೊಂಡಳು.

ಅಧ್ಯಕ್ಷರು ಬಾಗಿಲಿಗೆ ಬಂದಾಗ ಕಂಡದ್ದು ಈ ದೃಶ್ಯ. ಏನಿದು ಸಂತೆ ಎಂದು ಅವರು ಕೇಳಿದ್ದು ಅವರಿಗೇ ಕೇಳಿಸಲಿಲ್ಲ. ಲೈಬ್ರರಿಯಮ್ಮ ಪುಸ್ತಕದ ಮೇಲಿಂದ ಕಣ್ಣಲ್ಲೇ ನಮಸ್ಕಾರ ಮಾಡಿದಳು. ಸಾಸಿವೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಾತ, ಬೆನ್ನಿನ ಶಿಬಿರ ನಿಮ್ಮದಾ ಎಂದಳು. ಗೇಟಿನಲ್ಲಿ ಓದಿದೆ, ಚೆನ್ನಾಗೇ ಇದೆಯಲ್ಲ ಎಂದು ಅವರು ಹೇಳಿದ್ದೇ ತಡ, ಎಲ್ಲ ಕಡೆಯಿಂದ ಮಕ್ಕಳು ಮುತ್ತಿಕೊಂಡರು. ಒಬ್ಬರ ಹಿಂದೆ ಒಬ್ಬರು ತಮ್ಮ ತಕರಾರು ಹೇಳಿದರು. ಅವರು ಒಂದೊಂದಕ್ಕೂ ತಲೆಯಾಡಿಸುತ್ತಾ ಸುಸ್ತಾಗಿ ಕಿಟಕಿಯ ಕಟ್ಟೆಗೆ ಒರಗಿದರು. ಏಣಿ ಬಗ್ಗಿ ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದ:

"ನಮ್ಮ ವಯಸ್ಸಲ್ಲಿ ನಿಮಗೇನು ಬೇಕಿತ್ತು ತಾತ?"

ಆ ಪ್ರಶ್ನೆಯನ್ನು ಅವರಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಅವರು ಕೊಡೆಯ ಹಿಡಿ ತಿರುಗಿಸಿದರು.

"ಮನೇಲಿ ಜನ ಜಾಸ್ತಿ. ಅಣ್ಣಂದಿರು, ತಂಗೀರು, ಚಿಕ್ಕಪ್ಪನ ಮಕ್ಕಳು. ಪುಸ್ತಕ ಹಿಡಿದು ಮಲಗಿದ್ರೆ ಯಾರಾದ್ರೂ ಒಬ್ಬರು ದಾಟಿಕೊಂಡು ಹೋಗೋರು. ಯಾರೂ ದಾಟದ ಕಡೆ ಒಂದ್ಸಲ ಮಲಗಿ ಓದಬೇಕು ಅಂತಿತ್ತು, ಅಷ್ಟೇ."

ಮಕ್ಕಳು ಮುಖ ಮುಖ ನೋಡಿಕೊಂಡರು. ಮಗಳು ಮೂಲೆಯಲ್ಲಿ ಸುತ್ತಿಟ್ಟಿದ್ದ ಜಮಖಾನೆಯನ್ನು ಎಳೆದು ಬಿಡಿಸಿದಳು. ಅಧ್ಯಕ್ಷರು ಬೇಡ ಬೇಡ ಎನ್ನುತ್ತಲೇ ಶೂ ಬಿಚ್ಚಿದರು, ಛೆ ಛೆ ಎನ್ನುತ್ತಲೇ ಕೂತರು, ಯಾರಾದರೂ ನೋಡಿದರೆ ಏನಂದುಕೊಂಡಾರು ಎನ್ನುತ್ತಲೇ ಉದ್ದಕ್ಕೆ ಚಾಚಿಕೊಂಡರು. ಸಾಸಿವೆ ಲೈಬ್ರರಿಯಮ್ಮನ ಕೈಯ ರಾಶಿಯಿಂದ ಮೇಲಿನ ಪುಸ್ತಕವನ್ನು ಎತ್ತಿ ಅವರಿಗೆ ಕೊಟ್ಟಳು. ಒಬ್ಬೊಬ್ಬರೇ ಬಂದು ಒಂದೊಂದು ತೆಗೆದುಕೊಂಡು ಅಕ್ಕಪಕ್ಕದಲ್ಲಿ ಉರುಳಿದರು. ಏಣಿ ಮೊದಲ ಬಾರಿಗೆ ತನ್ನ ಪೂರ್ತಿ ಉದ್ದಕ್ಕೆ ಮಲಗಿದ. ಅವನ ಕಾಲು ಬಾಗಿಲಾಚೆ ಹೋಯಿತು. ಓದುತ್ತಾ, ತಮ್ಮ ಪುಸ್ತಕದ ತುಣುಕು ಪಕ್ಕದವರಿಗೆ ಓದಿ ಹೇಳುತ್ತಾ, ನಗುತ್ತಾ ಮಕ್ಕಳು ಹಾಗೆಯೇ ಗಲಗಲ ಎನ್ನುತ್ತಿದ್ದರು.

ಕೈ ಖಾಲಿಯಾದ ಮೇಲೆ ಲೈಬ್ರರಿಯಮ್ಮ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಗೆ ಸರಿಸಿ, ಅಧ್ಯಕ್ಷರ ತಲೆಯ ಬಳಿ ಬಗ್ಗಿ ಕೂತಳು. ಅವರು ಆಗಲೇ ಐದಾರು ಪುಟ ದಾಟಿದ್ದರು.

"ಸಾರ್, ಸೋಮವಾರ ಕಟ್ಟುಗಳು?"

"ತೂಕಕ್ಕೆ ಹಾಕಿಸಮ್ಮ," ಎಂದರು ಅವರು, ಪುಟದಿಂದ ಕಣ್ಣು ತೆಗೆಯದೆ. "ಬಂದ ದುಡ್ಡಿಗೆ ಈ ಕೋಣೆಗೆ ದಿಂಬು ತರಿಸು. ಕುತ್ತಿಗೆ ನೋಯ್ತಿದೆ."

ದಿಂಬು ಎಂದದ್ದೇ ತಡ ಇಡೀ ಜಮಖಾನೆ ಎದ್ದು ಕೂತಿತು. ಗುಂಡು ದಿಂಬು ಎಂದು ಸಾಸಿವೆ, ಚೌಕದ್ದು ಎಂದು ಏಣಿ, ಗೋಡೆ ಉದ್ದಕ್ಕೂ ಒಂದೇ ದಿಂಬು ಎಂದು ಮಗಳು. ಕೆಳಗಿನಿಂದ ನಿವೃತ್ತ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು ಗದ್ದಲ ಏಕೆಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಅವರೂ ಕನ್ನಡಕ ಏರಿಸಿಕೊಂಡು, ತಮಗೆ ಗುಂಡು ದಿಂಬೇ ವಾಸಿ ಎಂದರು.