ಕೊಡಬಾರದ ಕೂಗು

"ಮೊದ್ಲು ಆ ಇಲಿನ ಕೆಳಗ ಇಡ್ರಿ," ಎಂದ ಕನಕಪ್ಪ.

ಬಸವಪ್ರಸಾದ ನಕ್ಕು, ಕೈಲಿದ್ದ ಮೈಕಿನ ಇಲಿಯಂಥ ತುಪ್ಪಳದ ಹೊದಿಕೆಯನ್ನು ತೆಗೆದು ತೋರಿಸಿದ. ಗಾಳಿಯ ಸದ್ದು ಒಳಗೆ ಹೋಗಬಾರದೆಂದು ಹಾಕಿದ್ದು, ಅಷ್ಟೇ. ಕನಕಪ್ಪ ಅದನ್ನು ಮುಟ್ಟಲಿಲ್ಲ. ಅವನ ನಾಯಿಯೂ ಗುರುಗುಟ್ಟುವುದನ್ನು ಬಿಡಲಿಲ್ಲ. ಹಿರೇಕೊಟ್ನೆಕಲ್ಲಿನ ಆಚೆ, ಭತ್ತ ಕೊಯ್ದ ಗದ್ದೆಯಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡು ಗಂಡಹೆಂಡತಿ ಬೀಡುಬಿಟ್ಟಿದ್ದರು. ರಸ್ತೆಯಲ್ಲಿ ಬೈಕು ನಿಲ್ಲಿಸಿ, ಕುತ್ತಿಗೆಗೆ ಹೆಡ್‌ಫೋನು ನೇತುಹಾಕಿಕೊಂಡು ನೆಟ್ಟಗೆ ಹಿಂಡಿನ ಕಡೆ ಇಳಿದು ಬಂದವನನ್ನು ಯಾರು ತಾನೆ ನಂಬುತ್ತಾರೆ?

"ರಾಯಚೂರಾಗ ಸಂಗೀತ ಕಲಿಸ್ತೀನ್ರಿ ಕಾಕಾ. ನೀವು ಕುರಿ ಕರಿಯೋ ಕೂಗು ಒಂದ್ಸಲ ರೆಕಾರ್ಡ್ ಮಾಡ್ಕೋತೀನಿ."

ಕೇಳಬಾರದ್ದನ್ನೇ ಕೇಳಿದ್ದ. ಕನಕಪ್ಪನ ಕುರಿಗಾರ ಮಂದಿಯಲ್ಲಿ ಒಂದೊಂದು ಮನೆಗೆ ಒಂದೊಂದು ಕೂಗು. ಅಪ್ಪ ಮಗನಿಗೆ ಕಲಿಸಬೇಕು, ಹೊರಗಿನವರ ಮುಂದೆ ಬಾಯಿ ಬಿಡಬಾರದು. ಅಪರಿಚಿತರು ಹತ್ತಿರವಿದ್ದರೆ ಕೋಲಿನಿಂದಲೇ ಹಿಂಡು ಸಾಗಿಸುತ್ತಾರೆ. ಹೋದ ತಿಂಗಳು ಕುರ್ಡಿಯ ಬಳಿ ಅವನ ಹೆಂಡತಿ ಭೀಮವ್ವನ ಅಣ್ಣ ಯಂಕಣ್ಣನ ಕುರಿಗಳೆಲ್ಲ ಹಟ್ಟಿಯಿಂದ ತಾವಾಗಿ ಎದ್ದು ಹೋಗಿ ಯಾರದೋ ಗಾಡಿ ಹತ್ತಿದ್ದವು. ನಾಯಿ ಕೂಡ ಬೊಗಳಿರಲಿಲ್ಲ. ಕೂಗು ಕದ್ದಿದ್ದಾರೆ ಎಂದು ಯಂಕಣ್ಣ ಹೇಳಿದರೆ ಕೇಳಿದವರೆಲ್ಲ ನಕ್ಕರು. ಈಗ ಅವನು ದೇವದುರ್ಗದಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ.

"ಸಂಗೀತಕ್ಕ ಕುರಿ ಕರಿಯೋ ಕೂಗು ಯಾಕ ಬೇಕ್ರಿ?" ಒಲೆಯ ಮುಂದಿನಿಂದ ಭೀಮವ್ವ ಕೇಳಿದಳು.

ಇದೊಂದು ಪ್ರಶ್ನೆಗೇ ಕಾದವನಂತೆ ಬಸವಪ್ರಸಾದ ಬದುವಿನ ಮೇಲೆ ಕುಳಿತುಬಿಟ್ಟ. "ಹೋದ ಶತಮಾನದಾಗ ಎಂಥೆಂಥಾ ಮಂದಿ ಆಗಿಹೋದ್ರು ಗೊತ್ತೇನ್ರಿ ಯವ್ವಾ? ಪ್ಯಾರಿಸ್‌ನಾಗ ಒಬ್ಬಾಂವ ರೈಲಿನ ಸಪ್ಪಳ ಹಿಡಿದು, ಕತ್ತರಿಸಿ ಜೋಡಿಸಿ, ಇದೂ ಸಂಗೀತ ಅಂದ. ಇನ್ನೊಬ್ಬಾಂವ ಅಡವಿ ಅಡವಿ ತಿರುಗಿ ಹಕ್ಕಿ ಕೂಗೋದನ್ನ ಬರ್ಕೊಂಡ. ಮತ್ತೊಬ್ಬಾಂವ, ಪಿಯಾನೊ ಅಂತ ದೊಡ್ಡ ಪೇಟಿ ಇರ್ತದ, ಅದರ ತಂತಿ ನಡುವ ಮೊಳಿ, ಬೋಲ್ಟು ಸಿಗಿಸಿ ಬಾರಿಸಿದ!"

"ಪೇಟಿ ಯಾರದು?"

"ಅವಂದ ಇರಬೇಕ್ರಿ."

"ಇರಬೇಕಂತ," ಎಂದು ಭೀಮವ್ವ ಗಂಡನ ಮುಖ ನೋಡಿದಳು.

ಬಸವಪ್ರಸಾದನಿಗೆ ಅದೆಲ್ಲಿ ಕಾಣಬೇಕು? ಮಾನ್ವಿಯ ಅಕ್ಕಿ ಗಿರಣಿಯ ಸದ್ದು, ಕಾಲುವೆ ತೂಬಿನ ನೀರಿನ ಸದ್ದು, ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳ ಗಲಾಟೆ, ಎಲ್ಲ ಹಿಡಿದಿಟ್ಟಿದ್ದೇನೆ, ಅವನ್ನು ಕಟ್ಟಲು ನಡುವೆ ಒಂದು ಮನುಷ್ಯನ ಕೂಗು ಬೇಕು ಎಂದು ಹೇಳುತ್ತಲೇ ಹೋದ. ಹಾಗೇ ಮಾತಿನ ಮಧ್ಯೆ, "ದಿನಾ ಯಾವ ಹೊತ್ತಿಗೆ ಕೂಗ್ತೀರಿ ಕಾಕಾ? ನಾಳಿ ಯಾರ ಹೊಲಕ್ಕ ಹೋಗೋರು?" ಎಂದೂ ಕೇಳಿದ. ಕಳ್ಳನಾದವನು ಕೇಳಬೇಕಾದದ್ದೂ ಅದನ್ನೇ ಅಲ್ಲವೆ?

ಭೀಮವ್ವ ಗಂಡನನ್ನು ಗುಡಾರದ ಹಿಂದಕ್ಕೆ ಕರೆದಳು. "ಬೈದು ಕಳಿಸಿದ್ರ ಇನ್ನಾ ನಾಕು ಮಂದಿನ ಕರ್ಕೊಂಡು ಬರ್ತಾನ. ಸುಳ್ಳ ಕೂಗು ಕೊಟ್ಟು ಸಾಗಹಾಕು."

"ಸುಳ್ಳ ಕೂಗು ಅಂದ್ರ?"

"ಬಾಯಿಗಿ ಬಂದದ್ದು ಕೂಗು. ಅಂವಗೇನು ತಿಳೀತದ? ನಾ ಕುರಿ ಹೊಡ್ಕೊಂಡು ನೀರಿಗಿ ಹೋಗ್ತೀನಿ, ಅವು ಕೇಳೋದು ಬ್ಯಾಡ."

ಹಿಂಡು ಕಾಲುವೆಯ ಏರಿ ದಾಟಿ ಮರೆಯಾದ ಮೇಲೆ ಕನಕಪ್ಪ ರಸ್ತೆಯ ಬದಿಗೆ ಬಂದು ಮೈಕಿನ ಮುಂದೆ ನಿಂತ. ಸುಳ್ಳು ಹೇಳುವುದು ಅವನಿಗೆ ಹೊಸದೇನಲ್ಲ, ಆದರೆ ಕೂಗಿನಲ್ಲಿ ಹೇಳಿದ್ದಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಹೇಯ್ ಡುರ್ರ್... ಲಾ ಲಾ ಲಾ ಹೋಯ್" ಎಂದು ಯಾವ ಮನೆಗೂ ಸೇರದ ಒಂದು ಕೂಗು ಹಾಕಿದ. ಬಸವಪ್ರಸಾದ ಕಣ್ಣು ಮುಚ್ಚಿ ಕೇಳಿದ. ಎಂಥ ಪೆದ್ದ ಎಂದು ಕನಕಪ್ಪನಿಗೆ ಒಳಗೊಳಗೇ ನಗು ಬಂತು.

"ಭಾಳ ಛಲೋ ಬಂತ್ರಿ. ನೀವೂ ಕೇಳ್ರಿ," ಎಂದು ಬಸವಪ್ರಸಾದ ಬೈಕಿನ ಸೀಟಿನ ಮೇಲೆ ಅಂಗೈಯಗಲದ ಸ್ಪೀಕರು ಇಟ್ಟು ಸದ್ದು ಏರಿಸಿದ.

ಆ ಹೊತ್ತಿಗೆ ನೀರು ಕುಡಿದ ಹಿಂಡು ಏರಿ ಹತ್ತಿ ಬರುತ್ತಿತ್ತು. ಮುಂದಿದ್ದ ಹಿರಿ ಕುರಿ ಕಿವಿ ನಿಗುರಿಸಿ ನಿಂತಿತು. ಆಮೇಲೆ ಓಡತೊಡಗಿತು. ಅದರ ಹಿಂದೆ ಎಲ್ಲವೂ ಓಡಿದವು. "ಏಯ್, ಏಯ್" ಎಂದು ಭೀಮವ್ವ ಕೋಲು ಬೀಸಿದರೂ ಕೇಳಲಿಲ್ಲ. ಪಕ್ಕದಲ್ಲೇ ನಿಂತಿದ್ದ ಕನಕಪ್ಪನನ್ನು ತಳ್ಳಿಕೊಂಡೇ ಹೋಗಿ ಬೈಕಿಗೆ ಮುತ್ತಿ, ಸ್ಪೀಕರಿಗೆ ಮೂತಿ ಒಡ್ಡಿ ನಿಂತವು.

"ನೋಡ್ರಿ ಕಾಕಾ, ಹೆಂಗ ಬಂದ್ವು!" ಬಸವಪ್ರಸಾದ ಮಗುವಿನಂತೆ ಕುಣಿದ.

ಕನಕಪ್ಪನಿಗೆ ಈಗ ಅರ್ಥವಾಯಿತು. ಕುರಿಗಳಿಗೆ ಯಾವ ಕೂಗಾದರೇನು, ಅವು ಬರುವುದು ಅವನ ದನಿಗೆ. ಅಪ್ಪನೂ ಅಜ್ಜನೂ ಕಾಯ್ದದ್ದೆಲ್ಲ ವ್ಯರ್ಥ. ಕಾಯಬೇಕಾದದ್ದನ್ನು ಅವನೇ ಎದುರಿಗೆ ನಿಂತು ಡಬ್ಬಿಗೆ ತುಂಬಿಕೊಟ್ಟಿದ್ದ.

"ಅಳಸ್ರಿ ಅದನ್ನ."

"ಯಾಕ್ರಿ ಕಾಕಾ? ಇಷ್ಟು..."

"ಅಳಸ್ತೀರೋ ಇಲ್ಲೋ?"

ಬಸವಪ್ರಸಾದನ ಮುಖ ಸಣ್ಣದಾಯಿತು. ಕನಕಪ್ಪನ ಕೈಲಿದ್ದ ಕೋಲು ನೋಡಿ ಗುಂಡಿ ಒತ್ತಿದ. "ಹೋಯ್ತು ನೋಡ್ರಿ."

ಪರದೆಯ ಮೇಲೆ ಅದೇನೋ ಬೆಳಗಿ ಆರಿತು.

"ಹೋಗ್ಯಾದ ಅಂತ ನಮಗ ಹೆಂಗ ಗೊತ್ತಾಗಬೇಕ್ರಿ?" ಭೀಮವ್ವ ಏದುಸಿರು ಬಿಡುತ್ತ ಕೇಳಿದಳು.

"ನನ್ನ ನಂಬ್ರಿ ಯವ್ವಾ."

ಬಸವಪ್ರಸಾದ ಸಾಮಾನು ಚೀಲಕ್ಕೆ ತುಂಬಿಕೊಂಡು ಮಾನ್ವಿಯ ಕಡೆ ಹೊರಟುಹೋದ. ನಂಬಬಹುದಿತ್ತೇನೋ. ಯಂಕಣ್ಣನ ಹೆಗಲ ಮೇಲೆ ಇಟ್ಟಿಗೆ ಇರದಿದ್ದರೆ ಕನಕಪ್ಪ ನಂಬುತ್ತಿದ್ದನೋ ಏನೋ.

ಮರುದಿನ ಬೆಳಿಗ್ಗೆ ಭೀಮವ್ವನೇ ಉಪಾಯ ಹೇಳಿದಳು. "ಅಂವ ನಿನ್ನ ದನಿ ಹಚ್ಚಿದ್ರೂ ಅವು ಬರಬಾರದು. ಅಂಜಿ ಓಡಬೇಕು. ಇನ್ನ ಮ್ಯಾಲ ನಾ ಕರೀತೀನಿ. ನೀ ಕೂಗು, ಬಂದದ್ದಕ್ಕ ಹೊಡಿ."

ಬೇರೆ ದಾರಿ ಅವನಿಗೂ ಹೊಳೆಯಲಿಲ್ಲ. ಗದ್ದೆಯ ಆ ತುದಿಗೆ ಹೋಗಿ, ಅಪ್ಪ ಕಲಿಸಿದ ಕೂಗನ್ನೇ ಕೂಗಿದ. ಹಿಂಡು ಭತ್ತದ ಕೂಳೆ ತುಳಿಯುತ್ತ ಓಡಿ ಬಂತು. ಹಿರಿ ಕುರಿ ಅವನ ಮೊಣಕಾಲಿಗೆ ತಲೆ ಒರಗಿಸಿತು. ಕನಕಪ್ಪ ಕೋಲು ಎತ್ತಿದ. ಏಟು ನೆಲಕ್ಕೆ ಬಿತ್ತು.

"ಕುರಿಗಿ ಹೊಡಿ, ನೆಲಕ್ಕಲ್ಲ!" ದೂರದಿಂದ ಭೀಮವ್ವ ಕೂಗಿದಳು.

ಈ ಸಲ ಹೊಡೆದ. ಹಿರಿ ಕುರಿ ಬೆದರಿ ಹಿಂದೆ ಸರಿದು, ಏನು ತಪ್ಪಾಯಿತೋ ಎಂಬಂತೆ ಅವನ ಮುಖ ನೋಡಿತು. ಅವನಿಗೆ ಅಳು ಒತ್ತಿಬಂತು. ಇನ್ನಷ್ಟು ದೂರ ನಡೆದು ಬೆನ್ನು ತಿರುಗಿಸಿ ನಿಂತು ಮತ್ತೆ ಕೂಗಿದ. ದನಿ ಒಡೆದಿತ್ತು. ಹಿಂದಿನಿಂದ ಗೊರಸುಗಳ ಸದ್ದು ಹತ್ತಿರ ಬರತೊಡಗಿತು.