ಹೊಳಪು ಕೊಟ್ಟ ಹಿಡಿ

“ಇದನ್ನ ಹೀಗೇ ಇಟ್ರೆ ಯಾರು ತಾನೇ ತಿರುಗಿ ನೋಡ್ತಾರೆ?”

ಶಾಲೆಯ ಖಾಲಿ ಕಾರ್ಯಾಗಾರದಲ್ಲಿ ಮರಗೆಲಸದ ಮೇಷ್ಟ್ರು ಗಟ್ಟಿಯಾಗಿಯೇ ಕೇಳಿಬಿಟ್ಟರು. ಗೋಡೆಗೆ ತೂಗುಹಾಕಿದ್ದ ಗರಗಸಗಳು ಏನು ಹೇಳಿಯಾವು? ಅವರ ಕೈಯಲ್ಲಿ ಒಂದು ಮರದ ಹಿಡಿ ಇತ್ತು. ಏಳನೆಯ ತರಗತಿಯ ಹುಡುಗಿ ತನ್ನ ಅಜ್ಜಿಗಾಗಿ ಮಾಡಿದ್ದು. ಅಜ್ಜಿಯ ಬೆರಳ ಗಂಟುಗಳು ಊದಿ, ನಲ್ಲಿ ತಿರುಗಿಸಲು ಆಗುತ್ತಿರಲಿಲ್ಲ. ಈ ಹಿಡಿಯನ್ನು ನಲ್ಲಿಯ ತಲೆಗೆ ಸಿಕ್ಕಿಸಿ ಅಂಗೈಯಿಂದ ತಳ್ಳಿದರೆ ಸಾಕು, ನೀರು ಬರುತ್ತದೆ.

ಮೊದಲು ಮಾಡಿದ್ದು ಸೀಳಿಹೋಗಿತ್ತು. ಆಮೇಲಿನದು ಸೋಪಿನ ಕೈಗೆ ಜಾರುತ್ತಿತ್ತು. ಹುಡುಗಿ ಪಟ್ಟು ಬಿಡದೆ ಇನ್ನೊಂದು ಮಾಡಿ, ಉಕ್ಕಿನ ಅರದಿಂದ ಅದರ ಮೈತುಂಬ ಅಡ್ಡಡ್ಡ ಗೀರಿದ್ದಳು.

“ಒದ್ದೆ ಕೈಗೂ ಹಿಡಿತ ಸಿಗ್ಲಿ ಅಂತ, ಮೇಷ್ಟ್ರೆ.”

ಆ ಮಾತು ಕೇಳಿದ ದಿನ ಮೇಷ್ಟ್ರ ಎದೆ ಪ್ರಾರ್ಥನೆ ಮುಗಿಸಿ ಎದ್ದಷ್ಟು ಹಗುರಾಗಿತ್ತು. ಮಕ್ಕಳ ಕೈಗೆ ಸುತ್ತಿಗೆ, ಉಳಿ ಕೊಡುವುದು ಮತ್ತೆ ಯಾತಕ್ಕೆ? ಇನ್ನೊಬ್ಬರ ಕೈಯ ನೋವು ತಮ್ಮ ಕೈಗೂ ತಿಳಿಯಲಿ ಎಂದೇ ಅಲ್ಲವೆ?

ಆದರೆ ನಾಳೆ ಪ್ರದರ್ಶನ. ಹೆಡ್ಮಾಸ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು: “ಆಡಳಿತ ಮಂಡಳಿಯವರಿಗೆ ಈ ಕೋಣೆ ಕಂಪ್ಯೂಟರ್ ಲ್ಯಾಬ್ ಆಗ್ಬೇಕಂತೆ. ಅವರ ಕಣ್ಣು ಕುಕ್ಕೋ ಹಾಗೆ ಏನಾದ್ರೂ ತೋರಿಸಿ. ಇಲ್ಲಾಂದ್ರೆ ಬೀಗದಕೈ ನನ್ನ ಕೈಗೆ ಕೊಡಿ.”

ಸಿಬಿರು ಹೋದರೆ ಸಾಕು ಎಂದುಕೊಂಡೇ ಮೇಷ್ಟ್ರು ಸ್ಯಾಂಡ್‌ಪೇಪರ್ ತೆಗೆದುಕೊಂಡರು. ಜೀವಮಾನವೆಲ್ಲ ಮರ ಉಜ್ಜಿದ ಕೈ ಅದು. ಪದ್ಯ ಹಾಡುವವನಿಗೆ ಅರ್ಧ ಸಾಲಿನಲ್ಲಿ ನಿಲ್ಲಲು ಹೇಗೆ ಬಾರದೋ ಹಾಗೆ, ಆ ಕೈಗೆ ನಡುವೆ ನಿಲ್ಲಲು ಬಾರದು. ಗೀರುಗಳು ಒಂದೊಂದಾಗಿ ಮಾಸಿದವು. ಮಾಸುವುದು ಕಣ್ಣಿಗೆ ಕಾಣುತ್ತಲೇ ಇತ್ತು, ಕೈ ನಿಲ್ಲಲಿಲ್ಲ. ಮೇಲೆ ವಾರ್ನಿಷ್ ಬಳಿದರು. ಹಿಡಿ ಜೇನಿನ ಹಾಗೆ ಹೊಳೆಯಿತು.

ಮರುದಿನ ಹುಡುಗಿ ಮೇಜಿನ ಮುಂದೆ ನಿಂತು ಬೆರಳಾಡಿಸಿ ನೋಡಿದಳು.

“ಇದು ನಂದಾ?”

“ನಿಂದೇ ಕಣಮ್ಮ. ಇವತ್ತೊಂದು ದಿನದ ಮಟ್ಟಿಗೆ ಸ್ವಲ್ಪ...” ಮೇಷ್ಟ್ರು ವಾರ್ನಿಷ್ ಡಬ್ಬಿಯನ್ನು ಮೇಜಿನ ಕೆಳಗೆ ಸರಿಸಿದರು.

ಅಷ್ಟರಲ್ಲಿ ಮಂಡಳಿಯವರು ಬಂದರು. ಹೆಡ್ಮಾಸ್ಟರು ಪ್ರದರ್ಶನ ನೋಡಲು ಬಂದಿದ್ದ ಅಜ್ಜಿಯನ್ನು ಕರೆದು, ಕೋಣೆಯ ಮೂಲೆಯಲ್ಲಿದ್ದ ನಲ್ಲಿಯ ಮುಂದೆ ನಿಲ್ಲಿಸಿದರು.

“ನನ್ನ ಮದುವೇಲಿ ನಾನೂ ಇಷ್ಟು ಹೊಳೆದಿರ್ಲಿಲ್ಲ ಕಣೇ!” ಎಂದಳು ಅಜ್ಜಿ, ಹಿಡಿಯನ್ನು ನೋಡಿ. ಸುತ್ತಲೂ ನಗೆಯೆದ್ದಿತು. ಮೊಮ್ಮಗಳು ನಗದೆ ಅಜ್ಜಿಯ ಕೈಗೆ ಸೋಪು ಹಚ್ಚಿದಳು. ದಿನಾ ಮನೆಯಲ್ಲಿ ಹಾಗೇ ಪರೀಕ್ಷೆ ಮಾಡುತ್ತಿದ್ದಳು. ಅಜ್ಜಿ ಹಿಡಿಯನ್ನು ತಳ್ಳಿದಳು. ಅಂಗೈ ಜಾರಿತು. ಇನ್ನೊಮ್ಮೆ ಬಲ ಹಾಕಿ ತಳ್ಳಿದಾಗ ಊದಿದ ಗಂಟು ಹೋಗಿ ನಲ್ಲಿಯ ಕಬ್ಬಿಣಕ್ಕೆ ಬಡಿಯಿತು. ಅಜ್ಜಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, “ಏನಿಲ್ಲ, ಏನಿಲ್ಲ” ಎಂದಳು.

“ವಯಸ್ಸಾದೋರು, ಅಭ್ಯಾಸ ಇಲ್ಲ,” ಎಂದು ಹೆಡ್ಮಾಸ್ಟರು ನಕ್ಕರು.

ಮಂಡಳಿಯ ಅಧ್ಯಕ್ಷರು ಹಿಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. “ಏನು ನುಣುಪು! ಅಂಗಡಿ ಮಾಲು ಅಂದ್ರೂ ನಂಬಬೇಕು. ಕೋಣೆ ಇರ್ಲಿ ಬಿಡಿ ಮೇಷ್ಟ್ರೆ. ಮಕ್ಕಳ ಕೈಲಿ ಇಂಥವೇ ಒಂದಷ್ಟು ಮಾಡ್ಸಿ, ಬರೋ ಹೋಗೋ ಅತಿಥಿಗಳಿಗೆ ಕೊಡೋಣ.”

ಕೋಣೆ ಉಳಿಯಿತು. ಬೀಗದಕೈ ಮೇಷ್ಟ್ರ ಜೇಬಿನಲ್ಲೇ ಉಳಿಯಿತು. ಅದನ್ನು ಮುಟ್ಟಿದರೆ ಹೆಣ ಮುಟ್ಟಿದಷ್ಟು ತಣ್ಣಗಿತ್ತು.

ಜನ ಕರಗಿದ ಮೇಲೆ ಅವರು ಹುಡುಗಿಯ ಬಳಿ ಹೋದರು. ಅವಳು ಅಜ್ಜಿಯ ಬೆರಳಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು.

“ತಪ್ಪಾಯ್ತು ಮಗು. ನಾಳೆ ಬಾ, ಹೊಸ ಮರ ತೆಗೆದಿಡ್ತೀನಿ. ಮೊದಲಿಂದ ಮಾಡೋಣ. ನಾನು ಮುಟ್ಟೋದಿಲ್ಲ, ನೀನೇ ಮಾಡು.”

ಹುಡುಗಿ ಬಟ್ಟೆಯ ಗಂಟು ಬಿಗಿದು, ತಲೆಯೆತ್ತಿದಳು.

“ಇಲ್ಲ ಮೇಷ್ಟ್ರೆ. ನಾನು ಬರಲ್ಲ.”